ಭಾರದ್ವಾಜ ಗೋತ್ರದ ಹಾಬಿನ್

ಶನಿವಾರ ಬೆಳಗ್ಗೆ ಕಡಲಾಚೆಯ ಮಾರಿಸ್‌ವಿಲ್ಲಿನ ದೇವಸ್ಥಾನದಲ್ಲಿ ಮಂಗಳಾರತಿ ಮುಗಿದಿತ್ತು. ರಾಜಲಕ್ಷ್ಮಿ ತೀರ್ಥಕ್ಕೆ ಕೈ ಒಡ್ಡಿದಾಗ ಅರ್ಚಕರಾದ ಗುರುದತ್ ಭಟ್ಟರು ಉದ್ಧರಣೆಯನ್ನು ಅರ್ಧಕ್ಕೇ ನಿಲ್ಲಿಸಿದರು.

“ನಿನ್ನೆ ಸಂಜೆ ನಿಮ್ಮ ಮಗಳು ಬಂದಿದ್ಲು, ಒಬ್ಳೇ ಡ್ರೈವ್ ಮಾಡ್ಕೊಂಡು. ಹುಟ್ಟುಹಬ್ಬದ ಅರ್ಚನೆ ಮಾಡ್ಸಿದ್ಲು. ಆ ಹುಡುಗ ನಿಮ್ಮ ಮೈದುನನ ಮಗನಾ?”

“ಯಾವ ಹುಡುಗ?”

“ಅದೇ, ಹಾಬಿನ್ ಅಂತೆ. ಸ್ವಾತಿ ನಕ್ಷತ್ರ. ಗೋತ್ರ ಕೇಳಿದ್ದಕ್ಕೆ ನಿಮ್ಮದೇ ಹೇಳಿದ್ಲು, ಭಾರದ್ವಾಜ. ಹೆಸರು ಹೇಳೋವಾಗ ನನ್ನ ನಾಲಿಗೆ ಸ್ವಲ್ಪ ತಡವರಿಸ್ತು. ಈಗೆಲ್ಲ ಏನೇನೋ ಹೆಸರಿಡ್ತಾರೆ, ಇರ್ಲಿ ಅಂತ ಮಾಡ್ಬಿಟ್ಟೆ.”

ರಾಜಲಕ್ಷ್ಮಿಗೆ ಮೈದುನನೇ ಇಲ್ಲ. ಗಂಡ ಅಶ್ವತ್ಥನಿಗೆ ಇರುವುದು ಒಬ್ಬಳೇ ಅಕ್ಕ, ಅವಳಿಗೆ ಇಬ್ಬರೂ ಹೆಣ್ಣುಮಕ್ಕಳು. “ಹೌದು, ಸಂಬಂಧದವನೇ” ಎಂದು ಭಟ್ಟರ ಮುಂದೆ ನಗುತ್ತಲೇ ಸುಳ್ಳು ಹೇಳಿ, ತೀರ್ಥ ಕುಡಿದು, ತಲೆಗೆ ಕೈ ಒರೆಸಿಕೊಂಡು ಹೊರಗೆ ಬಂದಳು.

ಅವಳ ಅನುಮಾನಕ್ಕೆ ಒಳ್ಳೆಯ ಪಳಗಿಕೆಯಿತ್ತು. ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸ. ಇಪ್ಪತ್ತು ವರ್ಷದಿಂದ ಕಂಪನಿಗಳು ಅವಳಿಗೆ ಸಂಬಳ ಕೊಟ್ಟು ಅನುಮಾನ ಪಡಿಸುತ್ತಿವೆ. ಸಂಜೆ ಐದಕ್ಕೆ ಲ್ಯಾಪ್‌ಟಾಪ್ ಮುಚ್ಚಬಹುದು, ಬುದ್ಧಿಯನ್ನು ಮುಚ್ಚಿಡುವುದು ಹೇಗೆ? ಅದು ಮನೆಗೂ ಬರುತ್ತಿತ್ತು. ಮಗಳು ಮೇಧಾ ಐದು ನಿಮಿಷ ತಡವಾದರೆ ಫೋನಿನ ನಕ್ಷೆಯಲ್ಲಿ ಅವಳ ನೀಲಿ ಚುಕ್ಕೆ ಎಲ್ಲಿದೆ ಎಂದು ನೋಡುತ್ತಿದ್ದಳು. ಮಗಳ ಚೀಲ ಒಗೆಯುವ ನೆಪದಲ್ಲಿ ಅದರ ಎಲ್ಲ ಜೇಬಿಗೂ ಕೈ ಹಾಕುತ್ತಿದ್ದಳು. ಇದಕ್ಕೆಲ್ಲ ಅವಳು ಇಟ್ಟುಕೊಂಡಿದ್ದ ಹೆಸರು ಕಾಳಜಿ.

ಪಕ್ಕದ ಊರು ಏಪೆಕ್ಸಿನ ಮನೆ ತಲುಪುವಷ್ಟರಲ್ಲಿ ಅವಳ ತಲೆಯಲ್ಲಿ ಇಡೀ ಪ್ರಕರಣ ಸಿದ್ಧವಾಗಿತ್ತು. ಹುಡುಗನ ನಕ್ಷತ್ರ ಗೊತ್ತಿದೆ ಎಂದರೆ ಹುಟ್ಟಿದ ದಿನ, ಊರು, ಗಳಿಗೆ ಎಲ್ಲ ಗೊತ್ತಿರಬೇಕು. ಅಂದರೆ ವಿಷಯ ಜಾತಕದವರೆಗೂ ಹೋಗಿದೆ. ಹನ್ನೊಂದನೇ ಕ್ಲಾಸಿನ ಹುಡುಗಿ! ಅದೂ ಹಾಬಿನ್ ಎಂಬ ಹೆಸರಿನವನನ್ನು ತಂದು ತಮ್ಮ ಗೋತ್ರದೊಳಗೆ ಕೂರಿಸಿದ್ದಾಳೆ.

ಅಶ್ವತ್ಥ ಹಿತ್ತಲಿನ ಡೆಕ್ಕಿನಲ್ಲಿ ಕಾಫಿ ಕುಡಿಯುತ್ತಿದ್ದ. ಎಲ್ಲ ಕೇಳಿ ನಕ್ಕುಬಿಟ್ಟ.

“ಗೋತ್ರ ನಮ್ದೇ ಅಂದ್ಮೇಲೆ ಅಣ್ಣ-ತಂಗಿ ಆಗಲ್ವೇನೇ? ಇನ್ನೇನು ಚಿಂತೆ?”

“ತಮಾಷೆ ಮಾಡ್ಬೇಡಿ. ಹಾಬಿನ್ ಅಂತ ನಿಮ್ಮ ವಂಶದಲ್ಲಿ ಯಾರಿದಾರ್ರೀ?”

“ಅವ್ಳನ್ನೇ ಕೇಳು.”

“ಕೇಳಿದ್ರೆ ಹೇಳ್ತಾಳಾ?”

“ಕೇಳೋ ಥರ ಕೇಳಿದ್ರೆ ಹೇಳ್ತಾಳೆ. ನೀನು ಕೇಳೋದು ಪೊಲೀಸ್ನೋರ ಥರ.”

ಈ ಮಾತು ಅವಳಿಗೆ ಚುಚ್ಚಿತು. ಆದರೂ ಕೇಳಲಿಲ್ಲ. ಶಾಲೆಯ ಇಯರ್‌ಬುಕ್ಕನ್ನು ಕಪಾಟಿನಿಂದ ತೆಗೆದು, ಬಾಗಿಲು ಹಾಕಿಕೊಂಡು, ಒಂದೊಂದೇ ಪುಟ ತಿರುವಿ ಹುಡುಗರ ಮುಖಗಳನ್ನೆಲ್ಲ ನೋಡಿದಳು. ಹಾಬಿನ್ ಸಿಗಲಿಲ್ಲ. ಅದೇ ಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದ್ದರೆ ಅವನ ಊರು, ಎತ್ತರ, ಇಷ್ಟದ ತಿಂಡಿ ಎಲ್ಲವೂ ಒಂದು ನಿಮಿಷದಲ್ಲಿ ಸಿಕ್ಕುತ್ತಿತ್ತು. ಆದರೆ ಅನುಮಾನದ ಜನ ಲೋಕಕ್ಕೆಲ್ಲ ಗೊತ್ತಿರುವುದನ್ನು ಹುಡುಕುವುದಿಲ್ಲ, ಬಚ್ಚಿಟ್ಟದ್ದನ್ನೇ ಹುಡುಕುತ್ತಾರೆ.

ಭಾನುವಾರ ಬೆಳಗ್ಗೆ ಅದು ತಾನಾಗಿಯೇ ಕೈಗೆ ಬಂತು. ಮಲಗುವಾಗ ಎಲ್ಲರ ಫೋನೂ ಅಡುಗೆಮನೆಯಲ್ಲೇ ಚಾರ್ಜಿಗಿರಬೇಕು ಎನ್ನುವುದು ಆ ಮನೆಯ ಕಟ್ಟಳೆ. ಮೇಧಾ ಸ್ನಾನಕ್ಕೆ ಹೋಗಿದ್ದಳು. ರಾಜಲಕ್ಷ್ಮಿ ದೋಸೆ ಹಿಟ್ಟು ಕಲಸುತ್ತಿದ್ದಾಗ ಮಗಳ ಫೋನು ಮಿನುಗಿತು. ಹಾಬಿನ್! ಹಿಟ್ಟಿನ ಕೈಯನ್ನು ಸೆರಗಿಲ್ಲದ ಚೂಡಿದಾರಕ್ಕೇ ಒರೆಸಿಕೊಂಡು ಫೋನ್ ಎತ್ತಿಕೊಂಡಳು. ತೆರೆಯುವ ಅಂಕಿ ಅವಳಿಗೆ ಗೊತ್ತಿತ್ತು, ಅದೂ ಆ ಮನೆಯ ಕಟ್ಟಳೆಯೇ.

ಇಂಗ್ಲಿಷಿನಲ್ಲಿತ್ತು. ಮೇಧಾ, ಊಟ ಮಾಡಿದೆಯಾ? ನಾನು ಈಗ ಒಬ್ಬನೇ ಕೂತು ತಿಂದೆ. ಓದು ಓದು ಅಂತ ಊಟ ಬಿಡಬೇಡ. ನೀನು ನೆನಪಾದೆ.

ಪಕ್ಕದಲ್ಲಿ ಪುಟ್ಟ ಫೋಟೋ. ಕಪ್ಪು ಕೂದಲು, ಬೆಣ್ಣೆಯಂಥ ಮುಖ. ಇಷ್ಟು ಚಂದದ ಮುಖ ಸುಳ್ಳೇ ಇರಬೇಕು ಎಂದು ಅವಳಿಗೆ ತಕ್ಷಣ ಅನ್ನಿಸಿತು. ಇದರ ಹಿಂದೆ ಯಾವನೋ ಐವತ್ತರ ಗಡವ ಕೂತಿದ್ದಾನೆ. ಬೆಳಗಿನ ಎಂಟು ಗಂಟೆಗೆ ಊಟ ಮಾಡಿದೆಯಾ ಎಂದು ಕೇಳುವವನು ಈ ದೇಶದವನೂ ಅಲ್ಲ. ಎಲ್ಲೋ ದೂರ ಕೂತು, ತನ್ನ ಮಗಳಿಗೆ ಬಲೆ ಬೀಸುತ್ತಿದ್ದಾನೆ. ಸ್ನಾನದ ಮನೆಯ ನೀರು ನಿಲ್ಲುವುದರೊಳಗೆ ಮುಗಿಸಬೇಕಿತ್ತು. ಉತ್ತರ ಬರೆದಳು: ನಾನು ಮೇಧಾಳ ತಾಯಿ. ನಿನಗೆಷ್ಟು ವಯಸ್ಸು? ಇನ್ನೊಂದು ಸಲ ನನ್ನ ಮಗಳಿಗೆ ಮೆಸೇಜ್ ಮಾಡಿದರೆ ಪೊಲೀಸರಿಗೆ ಹೇಳುತ್ತೇನೆ.

ಕಳಿಸಿದಳು. ಆಮೇಲೆ ಮೂಲೆಯ ಮೂರು ಚುಕ್ಕೆ ಒತ್ತಿ, ಅವನನ್ನು ಬಿಟ್ಟು ಹೊರಡುವ ಗುಂಡಿ ಒತ್ತಿದಳು. ಏನೋ ಎಚ್ಚರಿಕೆ ಬಂತು, ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲು. ಕೆಲಸದಲ್ಲಿ ಇಂಥ ಎಚ್ಚರಿಕೆಯನ್ನು ಓದದೆ ಒತ್ತುವವರಿಗೆ ಅವಳು ಬೈಯುತ್ತಿದ್ದಳು. ಈಗ ಓದದೆ ಒತ್ತಿದಳು. ಅವನ ಹೆಸರು, ಮುಖ, ಮಾತು ಎಲ್ಲ ಅಳಿಸಿಹೋಯಿತು. ಫೋನನ್ನು ಇದ್ದ ಜಾಗದಲ್ಲೇ ಇಟ್ಟು, ಮಗಳಿಗೆ ಗರಿಗರಿಯಾಗಿ ಎರಡು ದೋಸೆ ಹಾಕಿಕೊಟ್ಟಳು.

ಮೇಧಾ ಅದನ್ನು ನಿಂತೇ ತಿಂದಳು. “ಅಮ್ಮಾ, ಶ್ರಾವಣಿ ಮನೆಗೆ ಹೋಗ್ತೀನಿ. ಗ್ರೂಪ್ ಸ್ಟಡಿ. ಲೇಟ್ ಆಗ್ತಿದೆ.” ಫೋನನ್ನು ಚೀಲಕ್ಕೆ ತುರುಕಿಕೊಂಡು ಹೊರಟೇ ಹೋದಳು. ಶ್ರಾವಣಿ ಅವಳ ಶಾಲೆಯ ಗೆಳತಿ, ಮನೆ ಪಕ್ಕದ ಬಡಾವಣೆಯಲ್ಲೇ. ಆದರೆ ನಕ್ಷೆಯ ಮೇಲಿನ ನೀಲಿ ಚುಕ್ಕೆ ಪಕ್ಕದ ಬಡಾವಣೆಯಲ್ಲಿ ನಿಲ್ಲಲಿಲ್ಲ. ಹೆದ್ದಾರಿ ಹಿಡಿದು, ಏರ್‌ಪೋರ್ಟಿನ ದಿಕ್ಕಿಗೆ ಹೋಗಿ, ಒಂದು ಪ್ಲಾಜಾದಲ್ಲಿ ನಿಂತಿತು.

ಅವನು ಬಂದುಬಿಟ್ಟಿದ್ದಾನೆ, ಅದೂ ವಿಮಾನ ಹತ್ತಿ ಎಂದು ರಾಜಲಕ್ಷ್ಮಿಗೆ ಖಾತ್ರಿಯಾಯಿತು. ಅಶ್ವತ್ಥನಿಗೂ ಹೇಳದೆ ಕಾರು ತೆಗೆದಳು.

ಪ್ಲಾಜಾದಲ್ಲಿ ಚುಕ್ಕೆ ತೋರಿಸಿದ್ದು ಒಂದು ಬಬಲ್ ಟೀ ಅಂಗಡಿ. ಬಾಗಿಲಿಗೆ ಬಲೂನುಗಳ ಕಮಾನು ಕಟ್ಟಿತ್ತು. ಒಳಗೆ ಐವತ್ತಕ್ಕೂ ಹೆಚ್ಚು ಹುಡುಗಿಯರು ಗಿಜಿಗುಟ್ಟುತ್ತಿದ್ದರು. ಮಧ್ಯದಲ್ಲಿ ಕೇಕು, ಅದರ ಹಿಂದೆ ಆಳೆತ್ತರದ ರಟ್ಟಿನಲ್ಲಿ ಅದೇ ಬೆಣ್ಣೆ ಮುಖ. ಗೋಡೆಯ ಮೇಲೂ ಅವನೇ, ಟೀ ಲೋಟಕ್ಕೆ ಸುತ್ತಿದ ಕಾಗದದ ಪಟ್ಟಿಯ ಮೇಲೂ ಅವನೇ. ಕೇಕಿನ ಪಕ್ಕದಲ್ಲಿ ನಿಂತಿದ್ದ ಮೇಧಾ ಅಮ್ಮನನ್ನು ಕಂಡು ಬಿಳಿಚಿಕೊಂಡಳು.

“ಏನೇ ರಾಜಿ, ನೀನೂ ಇದ್ರಲ್ಲಿದೀಯಾ? ಹೇಳ್ಲೇ ಇಲ್ವಲ್ಲೇ!”

ತಿರುಗಿದರೆ ಡಾಕ್ಟರ್ ರೇಣುಕಾದೇವಿ. ಎಪ್ಪತ್ತು ದಾಟಿದ ಹೃದಯದ ಡಾಕ್ಟರು, ಕನ್ನಡ ಸಂಘ ಕಟ್ಟಿದವರಲ್ಲಿ ಮೊದಲಿಗರು, ರಾಜಲಕ್ಷ್ಮಿ ಇವತ್ತಿಗೂ ಎದುರು ನಿಂತು ಮಾತಾಡಲು ಹೆದರುವ ಹಿರಿಯಾಕೆ. ಇಳಕಲ್ ಸೀರೆಯ ಸೆರಗಿನ ಮೇಲೆ ಆ ಹುಡುಗನ ಮುಖದ ಬಿಲ್ಲೆ ಚುಚ್ಚಿಕೊಂಡಿದ್ದರು.

“ಆಂಟಿ, ಈ ಹುಡುಗ ಎಲ್ಲಿ?”

“ಎಲ್ಲಿ ಅಂದ್ರೆ? ಸೋಲ್‌ನಲ್ಲಿ. ಕೊರಿಯಾದಲ್ಲಿ. ಹಾಡೋ ಹುಡುಗ ಕಣೆ! ಹನ್ನೊಂದು ಗಂಟೆಗೆ ಅಲ್ಲಿ ಮಧ್ಯರಾತ್ರಿ, ಅವನ ಹುಟ್ಟುಹಬ್ಬ ಶುರು. ಆಗ ಕೇಕ್ ಕಟ್ ಮಾಡ್ತೀವಿ.”

ರಾಜಲಕ್ಷ್ಮಿ ಮೊದಲು ಬೆಪ್ಪಾದಳು. ಆಮೇಲೆ ನಗು ಬಂತು. ತಡೆಯಲಾರದೆ ಕುರ್ಚಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹುಡುಗನೇ ಇಲ್ಲ! ಎರಡು ವರ್ಷದ ಹಿಂದೆ ಇದೇ ಮುಖ ಅವಳ ಮನೆಗೂ ಬಂದಿತ್ತು, ಆಗ ಕೂದಲು ನೀಲಿಯಾಗಿತ್ತು. ಮೇಧಾ ತರಿಸಿದ್ದು ಒಂದೇ ಹಾಡುಗಳ ಆರು ಸಿಡಿ. ಮನೆಯಲ್ಲಿ ಸಿಡಿ ಹಾಕುವ ಯಂತ್ರವೇ ಇರಲಿಲ್ಲ. ಪ್ರತಿ ಪೆಟ್ಟಿಗೆಯಲ್ಲೂ ಒಂದು ಮುಖದ ಚೀಟಿ, ಹಾಡುವ ತಂಡದಲ್ಲಿ ಯಾರ ಮುಖ ಎಂದು ಒಡೆಯುವವರೆಗೆ ಗೊತ್ತಾಗುವುದಿಲ್ಲ, ಬೇಕಾದ ಮುಖ ಬರುವವರೆಗೆ ಕೊಳ್ಳುತ್ತಲೇ ಇರಬೇಕು. ಇದು ಲಾಟರಿ ಎಂದು ಅವಳು ಕೂಗಾಡಿದ್ದಳು. ಅಲ್ಲಿಂದಾಚೆಗೆ ಮನೆಗೆ ಒಂದೂ ಬಂದಿರಲಿಲ್ಲ, ಹುಚ್ಚು ಬಿಟ್ಟಿತು ಎಂದುಕೊಂಡಿದ್ದಳು.

ಅಮ್ಮ ನಗುವುದನ್ನು ನೋಡಿ ಮೇಧಾಳ ಮುಖಕ್ಕೆ ಬಣ್ಣ ಬಂತು. ಒಂದು ಲೋಟ ಟೀ ಹಿಡಿದು ಹತ್ತಿರ ಬಂದಳು.

“ಅಮ್ಮಾ, ಕೋಪ ಇಲ್ವಾ?”

“ಭಟ್ರು ಹೇಳಿದ್ರು ಕಣೆ. ಇವನಿಗ್ಯಾಕೆ ನಮ್ಮ ಗೋತ್ರ?”

“ಭಟ್ರು ಕೇಳಿದ್ರು. ಅವ್ನಿಗೆ ಗೋತ್ರ ಇಲ್ಲ, ಸೋ ನಮ್ದು ಕೊಟ್ಟೆ. ನಕ್ಷತ್ರ ವೆಬ್‌ಸೈಟಲ್ಲಿ ನೋಡ್ದೆ. ಪರ್ವಾಗಿಲ್ಲ ಅಲ್ವಾ? ಅವ್ನು ಫ್ಯಾಮಿಲಿ ಥರ.” ಮೇಧಾ ನಾಚಿಕೊಂಡಳು. “ಇದು ನಿಂಗೆ. ಲೋಟದ ಪೇಪರ್ ಹರೀಬೇಡ, ಇಟ್ಕೋಬೇಕು. ನಾನೇ ಡಿಸೈನ್ ಮಾಡಿದ್ದು.”

ಮಗಳು ತಾನಾಗಿಯೇ ಇಷ್ಟು ಮಾತಾಡಿ ಎಷ್ಟು ಕಾಲವಾಗಿತ್ತು! ಇನ್ನು ಮೇಲೆ ಹೀಗೇ ಇರಬೇಕು, ಚುಕ್ಕೆ ನೋಡುವುದನ್ನು ಬಿಡಬೇಕು, ಇವಳ ಜೊತೆ ಇಂಥ ಕಡೆಗೆಲ್ಲ ಬರಬೇಕು ಎಂದು ರಾಜಲಕ್ಷ್ಮಿ ಅಲ್ಲೇ ನಿಂತು ಮನಸ್ಸಿನಲ್ಲೇ ಹರಕೆ ಹೊತ್ತಳು. ಮೇಧಾ ಮತ್ತೆ ಕೇಕಿನ ಕಡೆ ಓಡಿದಳು.

ಆದರೂ ಹಳೆಯ ಬುದ್ಧಿ ಸುಮ್ಮನಿರುತ್ತದೆಯೇ? “ಆಂಟಿ, ಇದೆಲ್ಲ ಆ ಕಂಪನಿಯವ್ರು ಮಾಡ್ಸೋದಾ?” ಎಂದು ಕೇಳಿದಳು.

“ಅವ್ರು ಒಂದು ಬಲೂನೂ ಕೊಡಲ್ಲ. ಎಲ್ಲ ನಾವೇ. ಅಟ್ಲಾಂಟಾದವ್ರು ಇವತ್ತು ಇವನ ಹೆಸರಲ್ಲಿ ಊಟ ಹಾಕಿಸ್ತಿದಾರೆ. ಆಲ್ಡಿ ಅನ್ನೋ ಊರಿನ ಹುಡುಗೀರು ಡಿಸಿ ಹತ್ರ ದೊಡ್ಡ ಪೋಸ್ಟರ್ ಹಾಕ್ಸಿದಾರೆ. ನಮ್ಮ ಕೈಯಿಂದಾನೇ ಅವನ ಜಾಹೀರಾತು! ನಲವತ್ತು ವರ್ಷ ಹಾರ್ಟ್ ನೋಡ್ದೆ, ಆದ್ರೆ ಹಾರ್ಟನ್ನ ಹಿಡಿಯೋದ್ರಲ್ಲಿ ಇವ್ರು ನನಗಿಂತ ಜಾಣರು ಕಣೆ.”

“ಮತ್ತೆ ಇದು ಮೋಸ ಅಲ್ವಾ?”

“ಗೊತ್ತಿಲ್ದೇ ಬಿದ್ರೆ ಮೋಸ. ಇಲ್ಲಿರೋರಿಗೆಲ್ಲ ಗೊತ್ತು. ನನ್ನ ಮೊಮ್ಮಗಳು ಸೇರ್ಸಿದ್ಲು. ಅವಳು ಬಿಟ್ಲು, ನಾನು ಬಿಡ್ಲಿಲ್ಲ. ಇಲ್ನೋಡು.” ಡಾಕ್ಟರು ಫೋನ್ ತೆಗೆದು ತೋರಿಸಿದರು. ರೇಣುಕಾ, ಊಟ ಮಾಡಿದೆಯಾ? ನಾನು ಈಗ ಒಬ್ಬನೇ ಕೂತು ತಿಂದೆ. “ಬೆಳಗ್ಗೆ ಈ ಆ್ಯಪಲ್ಲಿ ಬಂತು. ಅವನು ಬರೆಯೋದು ಒಂದೇ ಸಲ. ನಮ್ಮ ನಮ್ಮ ಹೆಸರು ಅದೇ ಸೇರ್ಕೊಂಡು ಎಲ್ಲರಿಗೂ ಹೋಗತ್ತೆ. ತಿಂಗಳಿಗಿಷ್ಟು ಅಂತ ಕಟ್ತೀವಿ.”

ರಾಜಲಕ್ಷ್ಮಿಯ ಬಾಯಲ್ಲಿ ಟೀ ಹಾಗೇ ನಿಂತಿತು. “ನಾವು ತಿರುಗಿ ಬರೀಬಹುದಾ?”

“ಬರೀಬಹುದು. ಅದೇ ನೋಡು ಅವರ ದೊಡ್ಡ ಜಾಣತನ. ಹೊಸಬರಿಗೆ ಒಂದೇ ಒಂದು ಸಾಲು. ದಿನ ಕಳೆದ ಹಾಗೆ ಜಾಸ್ತಿ ಬರೆಯೋಕೆ ಬಿಡ್ತಾರೆ. ನಿನ್ನ ಮಗಳು ಲಾಕ್‌ಡೌನಿನ ಕಾಲದಿಂದ, ಮೂರು ವರ್ಷ ಬಿಡದೆ ಇದಾಳೆ. ಇಲ್ಲಿ ಅವಳಷ್ಟು ಹಳಬರು ಯಾರೂ ಇಲ್ಲ. ಪುಟಗಟ್ಟಲೆ ಬರೀಬಹುದು ಅವಳು. ಮಧ್ಯೆ ಬಿಟ್ಟು ಹೊರಗೆ ಹೋದ್ರೆ ಮುಗೀತು, ಎಲ್ಲ ಅಳಿಸಿಹೋಗತ್ತೆ, ಮತ್ತೆ ಮೊದಲನೇ ದಿನದಿಂದ. ಅದಕ್ಕೇ ಯಾರೂ ಬಿಡಲ್ಲ. ಈಗ ಹನ್ನೊಂದಕ್ಕೆ ಬರತ್ತೆ ನೋಡು ಮೆಸೇಜು, ಎಲ್ಲ ಅದಕ್ಕೇ ಕಾಯ್ತಿರೋದು.”

ಗೋಡೆಯ ಗಡಿಯಾರದಲ್ಲಿ ಹನ್ನೊಂದಾಗಲು ಹತ್ತು ನಿಮಿಷವಿತ್ತು. ಈಗಲೇ ಹೋಗಿ ಹೇಳಿಬಿಡಬೇಕು ಎಂದು ಅವಳಿಗೆ ಅನ್ನಿಸಿತು. ಮಗಳನ್ನು ಪಕ್ಕಕ್ಕೆ ಕರೆದು, ತಪ್ಪಾಯಿತು ಎಂದರೆ ಆಗುತ್ತಿತ್ತು. ಆದರೆ ಮೇಧಾ ಎಲ್ಲರ ನಡುವೆ ನಿಂತು, ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಅಮ್ಮನತ್ತ ನೋಡಿ ನಕ್ಕಳು. ಆ ನಗುವನ್ನು ಕಳೆದುಕೊಳ್ಳಲು ರಾಜಲಕ್ಷ್ಮಿಗೆ ಧೈರ್ಯ ಬರಲಿಲ್ಲ. ತಾನು ಒತ್ತಿದ್ದು ಬೇರೆ ಯಾವುದೋ ಗುಂಡಿಯಾಗಿರಲಿ, ಕೆಲಸ ಮಾಡದೆ ಇರಲಿ ಎಂದು ಪ್ರೋಗ್ರಾಮುಗಳ ತಪ್ಪು ಹಿಡಿಯುವ ಆ ಹೆಂಗಸು ತಪ್ಪಿಗಾಗಿ ದೇವರನ್ನು ಬೇಡಿಕೊಂಡಳು.

ಹುಡುಗಿಯರು ಹತ್ತರಿಂದ ಹಿಂದಕ್ಕೆ ಎಣಿಸತೊಡಗಿದರು. ಎಣಿಕೆ ಮುಗಿದು ಕ್ಷಣವಾಗಿರಲಿಲ್ಲ, ಅಂಗಡಿಯ ಫೋನುಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ಕಿರುಚಾಟವೋ ಕಿರುಚಾಟ. ಒಬ್ಬಳು ಅಳುತ್ತಿದ್ದಳು, ಇನ್ನೊಬ್ಬಳು ಪರದೆಗೆ ಮುತ್ತು ಕೊಡುತ್ತಿದ್ದಳು. ಡಾಕ್ಟರು ಕನ್ನಡಕ ಏರಿಸಿಕೊಂಡು ಓದುತ್ತಿದ್ದರು. ಶ್ರಾವಣಿ ತನ್ನದನ್ನು ಗಟ್ಟಿಯಾಗಿ ಓದಿದಳು: ಶ್ರಾವಣಿ, ಈ ದಿನ ನನ್ನ ಜೊತೆ ಮೊದಲು ಇದ್ದವಳು ನೀನೇ.

ಮೇಧಾಳ ಫೋನು ಸುಮ್ಮನಿತ್ತು. ಅವಳು ನಗುತ್ತಲೇ ಸ್ವಲ್ಪ ಹೊತ್ತು ಕಾದಳು. ಫೋನನ್ನು ಕಿಟಕಿಯ ಹತ್ತಿರ ಒಯ್ದು ನೋಡಿದಳು. ಆರಿಸಿ ಮತ್ತೆ ಹಚ್ಚಿದಳು. ಆಮೇಲೆ ಆ್ಯಪ್ ತೆರೆದಳು. ನಗು ಮೆಲ್ಲಗೆ ಇಳಿದುಹೋಯಿತು. ತಲೆ ಎತ್ತಿ ನೋಡಿದ್ದು ಗೆಳತಿಯರನ್ನಲ್ಲ, ಅಮ್ಮನನ್ನು. ಅಷ್ಟು ಜನರ ಮಧ್ಯೆ ಯಾರ ಮೇಲೆ ಅನುಮಾನ ಪಡಬೇಕೆಂದು ಅವಳಿಗೆ ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ.

ಇಬ್ಬರೂ ಹೊರಗೆ ಬಂದು ರಾಜಲಕ್ಷ್ಮಿಯ ಕಾರಿನಲ್ಲಿ ಕೂತರು.

“ನೀನೇ ಅಲ್ವಾ?”

“ಯಾರೋ ಮೋಸಗಾರ ಅಂದ್ಕೊಂಡೆ ಕಂದಾ. ಹೆದ್ರಿಕೆ ಆಯ್ತು. ಇದು ಹಾಡೋರ ಆ್ಯಪ್ ಅಂತ ನಂಗೇನ್ ಗೊತ್ತು? ನೀನಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?”

ಮೇಧಾ ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು.

“ಮತ್ತೆ ಸೇರ್ಕೋ. ನಾನೇ ಕಟ್ತೀನಿ. ವರ್ಷಪೂರ್ತಿ ಕಟ್ತೀನಿ.”

“ಅವ್ನು ಬರೆದಿದ್ದು ಬೇಡ ಅಮ್ಮಾ. ಅದು ಎಲ್ರ ಹತ್ರಾನೂ ಇದೆ. ನಾನು ಬರೆದಿದ್ದು ಹೋಯ್ತು. ತ್ರೀ ಇಯರ್ಸ್.” ಅವಳ ದನಿ ಏರಲಿಲ್ಲ, ಅದೇ ರಾಜಲಕ್ಷ್ಮಿಗೆ ಹೆಚ್ಚು ಸಂಕಟವಾಯಿತು.

“ಅವನೇನು ಅದನ್ನ ಓದ್ತಿದ್ದ ಅಂದ್ಕೊಂಡಿದೀಯಾ? ಲಕ್ಷಾಂತರ ಜನ ಬರೀತಾರೆ. ಅವನಿಗೆ ನೀನು ಯಾರು ಅಂತಾನೇ ಗೊತ್ತಿಲ್ಲ ಕಣೆ!”

“ಐ ನೋ.” ಮೇಧಾ ಮೊದಲ ಸಲ ಅಮ್ಮನ ಕಡೆಗೆ ತಿರುಗಿದಳು. “ಅವ್ನು ಓದಲ್ಲ. ಅದಕ್ಕೇ ಅವ್ನಿಗೆ ಬರೀತಿದ್ದೆ. ನೀನು ಎಲ್ಲಾ ಓದ್ತೀಯ. ಅದಕ್ಕೇ ನಿಂಗೆ ಹೇಳಲ್ಲ.”

ರಾಜಲಕ್ಷ್ಮಿಗೆ ಕೆನ್ನೆಗೆ ಬಾರಿಸಿದಂತಾಯಿತು. ತಪ್ಪಾಯ್ತು ಎನ್ನಬೇಕಿತ್ತು. ಕೈ ಹಿಡಿದುಕೊಳ್ಳಬೇಕಿತ್ತು. ಎರಡನ್ನೂ ಮಾಡಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬಾಯಿಂದ ಬಂದದ್ದು ಬೇರೆ.

“ಅಂಥದ್ದೇನು ಬರೆದಿದ್ದೆ?”

ಮೇಧಾ ಅಮ್ಮನ ಮುಖವನ್ನು ನೋಡಿದಳು. ಕೋಪದಿಂದಲ್ಲ, ನಿರೀಕ್ಷಿಸಿದ್ದೇ ಆಯಿತು ಎನ್ನುವ ಹಾಗೆ. “ಏನಿಲ್ಲಮ್ಮ” ಎಂದು ಬಾಗಿಲು ತೆರೆದು ಇಳಿದು, ಅಂಗಡಿಯೊಳಗೆ ಹೋದಳು.

ರಾಜಲಕ್ಷ್ಮಿ ನಾಲಿಗೆ ಕಚ್ಚಿಕೊಂಡಳು. ಛೀ, ಎಂಥ ಹಾಳು ಬಾಯಿ ನನ್ನದು ಎಂದು ಸ್ಟಿಯರಿಂಗಿಗೆ ಹಣೆ ಇಟ್ಟಳು. ಆದರೂ ತಲೆ ನಿಲ್ಲಲಿಲ್ಲ, ಮೂರು ವರ್ಷವನ್ನು ಹಿಂದಕ್ಕೆ ತಡಕತೊಡಗಿತು. ಏನಿತ್ತು ಬರೆಯುವಂಥದ್ದು? ಒಂಬತ್ತನೇ ಕ್ಲಾಸಿನ ಚಳಿಗಾಲದಲ್ಲಿ ಮೇಧಾ ಊಟ ಬಿಟ್ಟಿದ್ದಳು. ಭರತನಾಟ್ಯದ ಕ್ಲಾಸಿಗೆ ಇನ್ನು ಹೋಗುವುದಿಲ್ಲ ಎಂದು ಇದ್ದಕ್ಕಿದ್ದಂತೆ ಗೆಜ್ಜೆ ಕಟ್ಟಿಟ್ಟಿದ್ದಳು. ಹೋದ ಬೇಸಿಗೆಯ ಕ್ಯಾಂಪಿನಿಂದ ಎರಡೇ ದಿನಕ್ಕೆ ಕರೆದುಕೊಂಡು ಹೋಗಿ ಎಂದು ಫೋನ್ ಮಾಡಿ, ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು.

ಪ್ರತಿ ಸಲವೂ ರಾಜಲಕ್ಷ್ಮಿ ಏನಾಯಿತು ಎಂದು ಕೇಳಿದ್ದಳು. ಪ್ರತಿ ಸಲವೂ ಮಗಳು ಏನಿಲ್ಲಮ್ಮ ಎಂದಿದ್ದಳು. ಚೀಲದ ಜೇಬನ್ನೂ ನಕ್ಷೆಯ ಚುಕ್ಕೆಯನ್ನೂ ಬಿಡದೆ ಅನುಮಾನಿಸಿದವಳು, ಆ ಒಂದು ಮಾತನ್ನು ಮಾತ್ರ ಪ್ರತಿ ಸಲವೂ ನಂಬಿದ್ದಳು.